ನಿದ್ದೆಯಲ್ಲಿ ಒದೆಯುವವರಿಗೆ ಹೃದಯದ ಸ್ಕ್ಯಾನ್ ಯಾವಾಗ?

ಮಾನ್ಯರೆ,

ನಿದ್ದೆಯಲ್ಲಿ ಕೂಗಾಡುವುದು, ಕನಸಿಗೆ ತಕ್ಕಂತೆ ಕೈಕಾಲು ಬೀಸುವುದು ಐವತ್ತು ದಾಟಿದವರಲ್ಲಿ ಕಂಡರೆ ಆರ್‌ಬಿಡಿ, ಅಂದರೆ ಕನಸಿನ ಹಂತದಲ್ಲಿ ಸ್ನಾಯುಗಳು ಸಡಿಲಗೊಳ್ಳದ ಕಾಯಿಲೆ ಇರಬಹುದೆಂಬ ಗುಮಾನಿ ಬರುತ್ತದೆ. ಆದರೆ ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ) ಇದ್ದವರೂ ಉಸಿರುಕಟ್ಟಿ ಎಚ್ಚರವಾಗುವಾಗ ಹೀಗೇ ಒದ್ದಾಡುತ್ತಾರೆ. ಕೆಲವರಲ್ಲಿ ಎರಡೂ ಇರುತ್ತವೆ. ಆರ್‌ಬಿಡಿ ಮುಂದೆ ಪಾರ್ಕಿನ್ಸನ್ ಅಥವಾ ಲೂಯಿ ಬಾಡಿ (ನರಕೋಶಗಳಲ್ಲಿ ಸೇರುವ ಪ್ರೋಟೀನ್ ಗಂಟು) ಮರೆವಿನ ಕಾಯಿಲೆಗೆ ತಿರುಗುವ ಸಂಭವ ಹೆಚ್ಚು. ಆಪ್ನಿಯಾದ ಒದ್ದಾಟ ಮುಖವಾಡದ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರದಿಂದಲೇ ನಿಲ್ಲುತ್ತದೆ. ಆರ್‌ಬಿಡಿ ಎಂದುಕೊಂಡು ಮಂಪರು ತರುವ ಕ್ಲೊನಾಜೆಪಾಮ್ ಮಾತ್ರೆ ಕೊಟ್ಟರೆ ಉಸಿರಾಟ ಇನ್ನಷ್ಟು ಕೆಡಬಹುದು.

ಹಾಗಾಗಿ ಮೊದಲು ಆಗಬೇಕಾದದ್ದು ವಿಡಿಯೊ ಸಹಿತ ಪಾಲಿಸೋಮ್ನೋಗ್ರಫಿ, ಅಂದರೆ ರಾತ್ರಿಯಿಡೀ ನಿದ್ದೆಯ ಪರೀಕ್ಷೆ. ಆಪ್ನಿಯಾ ಇದ್ದರೆ ಸಿಪ್ಯಾಪ್ ಹಾಕಿ ಮತ್ತೆ ಪರೀಕ್ಷಿಸಬೇಕು. ಆಮೇಲೂ ಅನುಮಾನ ಉಳಿದರೆ ಮಾತ್ರ ಎಂಐಬಿಜಿ ಎಂಬ ವಿಕಿರಣಶೀಲ ಮದ್ದು ಚುಚ್ಚಿ ಮಾಡುವ ಹೃದಯದ ಸ್ಕ್ಯಾನ್.

ಹೃದಯದ ಬಡಿತ ಹೆಚ್ಚಿಸುವ ಸಿಂಪಥೆಟಿಕ್ ನರಗಳ ತುದಿಗಳು ತಮ್ಮ ಸಂದೇಶ ರಾಸಾಯನಿಕವಾದ ನಾರ್‌ಅಡ್ರಿನಲಿನ್‌ನಂತೆಯೇ ಎಂಐಬಿಜಿಯನ್ನೂ ಒಳಗೆಳೆದುಕೊಳ್ಳುತ್ತವೆ. ಲೂಯಿ ಬಾಡಿ ಬಗೆಯ ಆರ್‌ಬಿಡಿಯಲ್ಲಿ ಕೈನಡುಕ ಶುರುವಾಗುವ ಮೊದಲೇ ಈ ತುದಿಗಳು ನಶಿಸಿರುತ್ತವೆ, ಚಿತ್ರದಲ್ಲಿ ಹೃದಯವೇ ಮಸುಕು. ಅಯೋಡಿನ್-123 ಸೇರಿಸಿದ ಮದ್ದು ಚುಚ್ಚಿ 15ರಿಂದ 30 ನಿಮಿಷಕ್ಕೆ ಒಂದು, 3ರಿಂದ 4 ಗಂಟೆಗೆ ಇನ್ನೊಂದು ಚಿತ್ರ ತೆಗೆಯುತ್ತಾರೆ. ಹೃದಯ ಮತ್ತು ಎದೆಯ ನಡುಭಾಗದ ಎಣಿಕೆಗಳ ಅನುಪಾತ ಮುಖ್ಯ. ಪ್ರಮಾಣೀಕರಿಸಿದ ಲೆಕ್ಕದಲ್ಲಿ ಸುಮಾರು 2.2ಕ್ಕಿಂತ ಕೆಳಗಿದ್ದರೆ ಲೂಯಿ ಬಾಡಿ ಬಗೆಯ ಶಂಕೆ. ಮದ್ದು ಬೇಗ ಹೊರಹೋಗುವುದನ್ನಷ್ಟೇ ನಂಬಬಾರದು, ಆಪ್ನಿಯಾ ಒಂದೇ ಸಿಂಪಥೆಟಿಕ್ ನರಗಳನ್ನು ಕೆರಳಿಸಿ ಅದನ್ನು ಹೆಚ್ಚಿಸಬಲ್ಲದು. ಸ್ಕ್ಯಾನ್ ಸರಿ ಇದೆಯೆಂದ ಮಾತ್ರಕ್ಕೆ ಆರ್‌ಬಿಡಿ ಇಲ್ಲ ಎನ್ನಲೂ ಆಗದು: ಆರ್‌ಬಿಡಿ ಕಾಣಿಸುವ ಇನ್ನೊಂದು ನರಕಾಯಿಲೆಯಾದ ಮಲ್ಟಿಪಲ್ ಸಿಸ್ಟಂ ಅಟ್ರೊಫಿಯಲ್ಲಿ ಹೃದಯದ ನರಗಳು ಬಹುಪಾಲು ಉಳಿದಿರುತ್ತವೆ.

ಎಡವಟ್ಟಾಗುವುದು ಹೆಚ್ಚಾಗಿ ತಯಾರಿಯಲ್ಲಿ. ನಿದ್ದೆಗೋ ನರನೋವಿಗೋ ಬರೆದುಕೊಡುವ ಅಮಿಟ್ರಿಪ್ಟಿಲಿನ್ ನೋಡಿ: ಅದು ಆರ್‌ಬಿಡಿಯಂಥ ಒದ್ದಾಟವನ್ನೂ ತರಬಲ್ಲದು, ನರತುದಿಗೆ ಎಂಐಬಿಜಿ ಸೇರದಂತೆಯೂ ತಡೆಯುತ್ತದೆ. ಒಂದೇ ಮಾತ್ರೆ, ಎರಡು ಸುಳ್ಳು ಸಾಕ್ಷಿ. ರಕ್ತದೊತ್ತಡದ ಮದ್ದು ಲ್ಯಾಬೆಟಲಾಲ್, ಹಾಗೂ ಸ್ಯೂಡೊಎಫೆಡ್ರಿನ್ ಇರುವ ಶೀತದ ಮಾತ್ರೆಗಳೂ ಅಡ್ಡಿಯೇ. (ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.) ಸಕ್ಕರೆ ಕಾಯಿಲೆಯಿಂದ ನರ ಕೆಟ್ಟವರಲ್ಲಿ, ಹೃದಯಾಘಾತ ಅಥವಾ ಹೃದಯ ವೈಫಲ್ಯ ಆದವರಲ್ಲಿ ಅನುಪಾತ ಹೇಗೂ ಇಳಿಯುತ್ತದೆ. ಕ್ಯಾಮೆರಾಗೆ ಲೋ ಎನರ್ಜಿ ಕೊಲಿಮೇಟರ್ (ಕಿರಣಗಳನ್ನು ಸೋಸುವ ಸೀಸದ ಜಾಲರಿ) ಹಾಕಿದರೆ ಅಯೋಡಿನ್-123ರ ಪ್ರಬಲ ಕಿರಣಗಳು ಸೀಸದ ಗೋಡೆ ತೂರಿ ಬಂದು ಹಿನ್ನೆಲೆ ಏರಿಸುತ್ತವೆ, ಅನುಪಾತ ಕೃತಕವಾಗಿ ತಗ್ಗುತ್ತದೆ. ಮೀಡಿಯಂ ಎನರ್ಜಿಯದು ಮೇಲು.

ನಮ್ಮಲ್ಲಿ ಅಯೋಡಿನ್-123 ಸಿಗುವುದು ಕಷ್ಟ. ಅದರ ಅರ್ಧಾಯುಷ್ಯ 13 ಗಂಟೆ, ಸಾಗಣೆಗೆ ಒಂದು ದಿನ ಹಿಡಿದರೆ ನೂರಕ್ಕೆ ಸುಮಾರು 70 ಭಾಗ ಕರಗಿಹೋಗುತ್ತದೆ. ಅಡ್ರಿನಲ್ ಗೆಡ್ಡೆಗೆ ಬಳಸುವ ಅಯೋಡಿನ್-131 ಸೇರಿಸಿದ ಎಂಐಬಿಜಿಯಲ್ಲಿ ಹೃದಯದ ಚಿತ್ರ ಒರಟು, ವಿಕಿರಣ ಹೆಚ್ಚು. 2.2ರ ಗೆರೆಯನ್ನು ಅದಕ್ಕೆ ಅನ್ವಯಿಸಬಾರದು.

— ನಿದ್ರಾ ಚಿಕಿತ್ಸಾ ವೈದ್ಯರು, ಬೆಂಗಳೂರು