ಮೂರು ಸಲ ಟೈಟ್ ಮಾಡಿದ ರವಕೆ

ಬ್ರಹ್ಮಾವರ,
ಗುರುವಾರ ರಾತ್ರಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಅತ್ತೆ. "ನಲವತ್ತು ನಿಮಿಷ ಆ ಹುಡುಗ ಒಂದು ಮಾತೂ ಆಡಲಿಲ್ಲ ಅಮ್ಮ, ನನ್ನಿಂದ ಅವನಿಗೆ ಏನೂ ಉಪಯೋಗ ಆಗಲಿಲ್ಲ. ಈ ಕೌನ್ಸೆಲಿಂಗ್ ಎಂ.ಎಸ್ಸಿ. ಬಿಟ್ಟು ಬಿ.ಎಡ್. ಸೇರ್ತೇನೆ" ಅಂದೆ. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. "ಎಲ್ಲ ಸರಿಯಾಗ್ತದೆ, ಊಟ ಮಾಡಿ ಮಲಗು" ಅಂತ ಹೇಳಿ ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಇದೇ ಮಾತನ್ನು ಹಿಂದೊಮ್ಮೆ ಒಬ್ಬಳಿಗೆ ಹೇಳಿದ್ದೆ. ನಿನಗೆ ಅದನ್ನು ಯಾವತ್ತೂ ಹೇಳಿಲ್ಲ.

ನೀನಾಗ ಏಳನೇ ಕ್ಲಾಸು. ಗಂಡ ಗಲ್ಫಿನಲ್ಲಿದ್ದ ಒಬ್ಬಳು ನನ್ನ ಹೊಲಿಗೆ ಅಂಗಡಿಗೆ ಬರುತ್ತಿದ್ದಳು. ಮೇ ತಿಂಗಳಲ್ಲಿ ಹೊಲಿಸಿದ ರವಕೆಯನ್ನು ಜುಲೈಯಲ್ಲಿ ವಾಪಸು ತಂದು "ಸ್ವಲ್ಪ ಟೈಟ್ ಮಾಡಿ ಕೊಡಿ ಅಕ್ಕ" ಅಂದಳು. ಎರಡೂ ಬದಿ ಕಾಲು ಕಾಲು ಇಂಚು ಒಳಗೆ ಹೊಲಿದುಕೊಟ್ಟೆ. ಚೌತಿಗೆ ಮುಂಚೆ ಮತ್ತೆ ಬಂದಳು, ಮತ್ತೆ ಕಾಲು ಇಂಚು. ನವರಾತ್ರಿಗೆ ಮೂರನೇ ಸಲ. ರವಕೆ ಮಗುಚಿದರೆ ಒಳಗೆ ಒಂದರ ಪಕ್ಕ ಒಂದು ಹೊಲಿಗೆಯ ಸಾಲು. ಟೇಪು ಹಿಡಿದಾಗ ಬೆನ್ನಿನ ಎಲುಬು ಕೈಗೆ ತಾಗುತ್ತಿತ್ತು. 34 ಇದ್ದದ್ದು 31ಕ್ಕೆ ಇಳಿದದ್ದು ಅಳತೆ ಪುಸ್ತಕದಲ್ಲಿ ನನ್ನದೇ ಕೈಬರಹದಲ್ಲಿ ಈಗಲೂ ಉಂಟು.

ಆ ದಿನ ರವಕೆ ಕೊಟ್ಟ ಮೇಲೂ ಅವಳು ಹೋಗಲಿಲ್ಲ, ಪರದೆಯ ಪಕ್ಕ ನಿಂತೇ ಇದ್ದಳು. "ಮಂಡೆಬೆಚ್ಚ ಅಕ್ಕ, ರಾತ್ರಿ ನಿದ್ದೆಯೇ ಇಲ್ಲ" ಅಂದಳು. ನನ್ನ ಮುಂದೆ ಹಬ್ಬದ ಬಟ್ಟೆಯ ರಾಶಿ. ಮಿಷನ್ ನಿಲ್ಲಿಸದೆಯೇ, "ಗಂಡ ದೂರ ಇದ್ದರೆ ಎಲ್ಲರಿಗೂ ಹಾಗೆಯೇ. ಎಲ್ಲ ಸರಿಯಾಗ್ತದೆ, ಊಟ ಸರಿ ಮಾಡು" ಅಂದೆ. "ಹೌದಲ್ವಾ ಅಕ್ಕ" ಅಂತ ಹೇಳಿ ಹೋದಳು. ಮತ್ತೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಗೊತ್ತಾಯಿತು, ತಾಯಿಮನೆಯವರು ಬಂದು ಕರಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ್ದರಂತೆ. ಮದ್ದು ನಾಟಿತು, ಈಗ ಚೆನ್ನಾಗಿದ್ದಾಳೆ. ಆದರೆ ಮೂರು ಸಲ ಈ ಕೈಯಿಂದಲೇ ಅಳತೆ ತೆಗೆದವಳು ನಾನು. ಒಂದು ಸಲವೂ "ಏನಾಯ್ತು ನಿನಗೆ?" ಅಂತ ಕೇಳಲಿಲ್ಲ.

ರಜೆಗೆ ಬಂದಾಗ ನೀನು ನೋಟ್ಸಿನ ಪುಸ್ತಕ ಇಲ್ಲೇ ಬಿಟ್ಟು ಹೋಗಿದ್ದೆ. ಇಂಗ್ಲಿಷು ನನಗೆ ನಿಧಾನ, ಆದರೂ ನಿನ್ನೆ ರಾತ್ರಿ ಕೂತು ಓದಿದೆ. ಕಾರ್ಲ್ ರೋಜರ್ಸ್ ಅನ್ನುವ ಮನಶ್ಶಾಸ್ತ್ರಜ್ಞರು, ಕೌನ್ಸೆಲಿಂಗಿನಿಂದ ಒಬ್ಬರ ಮನಸ್ಸು ಬದಲಾಗಬೇಕಾದರೆ ಏನೇನಿರಬೇಕು ಅಂತ 1957ರಲ್ಲಿ ಬರೆದ ಆರು ಷರತ್ತುಗಳನ್ನು ನೀನು ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ಬರೆದುಕೊಂಡಿದ್ದಿ. ಕೇಳುವವರು ಒಳಗೊಂದು ಹೊರಗೊಂದು ಇರಬಾರದು, ಎದುರು ಕೂತವರನ್ನು ಇದ್ದ ಹಾಗೆಯೇ ಒಪ್ಪಬೇಕು, ಅವರ ಸಂಕಟವನ್ನು ಅವರ ಕಣ್ಣಿನಿಂದ ನೋಡಬೇಕು. ಕೊನೆಯದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅಂತ ಕಂಡಿತು. ಇದೆಲ್ಲ ಸ್ವಲ್ಪವಾದರೂ ಎದುರು ಕೂತವರಿಗೆ ತಲುಪಬೇಕು. ಆರರಲ್ಲಿ ಒಂದು ಕಡೆಯೂ ಬುದ್ಧಿವಾದ ಹೇಳಬೇಕು ಅಂತ ಇಲ್ಲ. ನಾನು ಆ ದಿನ ಹೇಳಿದ್ದು ಬುದ್ಧಿವಾದ ಮಾತ್ರ.

ಆ ಹುಡುಗ ಒಂದು ಮಾತೂ ಆಡಲಿಲ್ಲ ಅಂದೆ. ಆಮೇಲೆ ಅಳುತ್ತಲೇ, ಏಳುವಾಗ "ನೀವು ಟೀಚರಿಗೆ ಹೇಳ್ತೀರಾ?" ಅಂತ ಕೇಳಿದ ಅಂದೆ. ಅದು ಮಾತಲ್ಲವಾ ಮಗಾ? ಹೇಳಲಿಕ್ಕೆ ಏನೂ ಇಲ್ಲದ ಮಗು ಹಾಗೆ ಕೇಳ್ತದಾ? "ಹೇಳುವುದಿಲ್ಲ, ಆದರೆ ನಿನ್ನ ಜೀವಕ್ಕೆ ಅಪಾಯ ಅಥವಾ ಯಾರಾದರೂ ನಿನಗೆ ಕೆಟ್ಟದ್ದು ಮಾಡ್ತಿದ್ದಾರೆ ಅಂತಾದರೆ ಹೇಳಲೇಬೇಕಾಗ್ತದೆ" ಅಂತ ನೀನು ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಸುಮ್ಮನಿರುವ ಹಾಗಿಲ್ಲ ಅಂತ ನಿನ್ನ ನೋಟ್ಸಿನಲ್ಲೇ ಉಂಟು. ಸುಳ್ಳು ಭರವಸೆ ಕೊಡದೆ ಬಂದಿದ್ದಿ. ಒಂದು ಮಾತು ಮಾತ್ರ. ಹೆಸರು, ಶಾಲೆ ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನು ಅಷ್ಟನ್ನೂ ನನ್ನ ಹತ್ತಿರ ಹೇಳಬೇಡ, ಅದನ್ನು ಸೂಪರ್‌ವಿಷನ್ ಮಾಡುವ ಮೇಡಂ ಹತ್ತಿರ ಹೇಳು. ನಿನ್ನ ಅಳು ಮಾತ್ರ ನನಗಿರಲಿ.

ಇನ್ನೊಂದು. ನಿನ್ನ ಪುಸ್ತಕದಲ್ಲಿ ಡಿಪ್ರೆಶನ್, ಆಂಗ್ಸೈಟಿ ಅಂತ ಉಂಟು. ನನ್ನ ಅಂಗಡಿಗೆ ಬರುವವರು ಆ ಮಾತು ಆಡುವುದಿಲ್ಲ. "ಮಂಡೆಬೆಚ್ಚ", "ಬೇಜಾರ್", "ಎದೆ ಡವಡವ", "ಗ್ಯಾಸ್ಟ್ರಿಕ್ ಅಕ್ಕ, ಏನು ತಿಂದರೂ ಸೇರುವುದಿಲ್ಲ" ಅಂತಾರೆ. ಬೇಜಾರ್ ಅಂದರೆ ಒಬ್ಬರಿಗೆ ಹೊತ್ತು ಹೋಗದ್ದು, ಇನ್ನೊಬ್ಬರಿಗೆ ಬದುಕೇ ಬೇಡವಾದದ್ದು. ಯಾವುದು ಅಂತ ಕೇಳಿಯೇ ತಿಳಿಯಬೇಕು. ನಿನಗೆ ತುಳು ಮನೆಯಲ್ಲೇ ಬಂತು. ಮಂಗಳೂರಿನಲ್ಲಿರುವಾಗ ಕೊಂಕಣಿ, ಬ್ಯಾರಿಯನ್ನೂ ಕಿವಿಗೆ ಹಾಕಿಕೊ. ದುಃಖ ಹೇಳುವಾಗ ಜನ ಮನೆಮಾತಿಗೇ ಇಳಿಯುತ್ತಾರೆ.

ನಿನ್ನ ದೊಡ್ಡಮ್ಮ ಮೊನ್ನೆಯೂ "ಹುಚ್ಚಿನ ಡಾಕ್ಟ್ರಾ ಅವಳು?" ಅಂತ ಕೇಳಿದರು. ಈ ಸಲ ಸರಿಯಾಗಿ ಹೇಳಿದೆ: ಮದ್ದು ಕೊಡುವವರು ಸೈಕಿಯಾಟ್ರಿಸ್ಟ್, ಅವರು ಎಂ.ಬಿ.ಬಿ.ಎಸ್. ಮಾಡಿದವರು, ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು, ನನ್ನ ಮಗಳು ಕೌನ್ಸೆಲರ್, ಕೂತು ಕೇಳುವವಳು, ತನ್ನ ಕೈ ಮೀರಿದರೆ ಯಾರ ಹತ್ತಿರ ಕಳಿಸಬೇಕು ಅಂತ ಗೊತ್ತಿರುವವಳು. ಆ ದಿನ ನನ್ನ ಅಂಗಡಿಯಲ್ಲಿ ಅಂಥ ಒಬ್ಬಳು ಇರಬೇಕಿತ್ತು. ಅದಕ್ಕೇ ನೀನು ಬಿಡುತ್ತೇನೆ ಅಂದಾಗ ನನಗೆ ಅಷ್ಟು ಸಂಕಟವಾದದ್ದು. ನಾಲ್ಕು ಸೆಮಿಸ್ಟರಿನಲ್ಲಿ ಇದು ಎರಡನೆಯದ್ದು ಮಾತ್ರ.

ಪರದೆಯ ಪಕ್ಕ ಈಗ ಒಂದು ಸ್ಟೂಲು ಹಾಕಿದ್ದೇನೆ. ಯಾರಾದರೂ ಕೂತರೆ ಮಿಷನ್ ನಿಲ್ಲಿಸುತ್ತೇನೆ. ಕನ್ನಡಿಯ ಕೆಳಗೆ ಮನಸ್ಸಿನ ಕಷ್ಟಕ್ಕೆ ಇರುವ ಸರಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಅಳತೆ ಕೊಡುವಾಗ ಎಲ್ಲರ ಕಣ್ಣೂ ಅಲ್ಲಿಗೆ ಹೋಗ್ತದೆ. ಒಬ್ಬಳು ಸುಮ್ಮನೆ ಫೋಟೋ ತೆಗೆದುಕೊಂಡು ಹೋದಳು.

ಫೀಸು ಸೋಮವಾರ ಕಟ್ಟುತ್ತೇನೆ. ಶನಿವಾರ ಸಂಜೆಯ ಎಕ್ಸ್‌ಪ್ರೆಸ್ ಬಸ್ಸಿಗೆ ಬಾ. ಬರುವಾಗ ಆ ನೀಲಿ ಚೂಡಿದಾರ ತಾ. ನೀನು ಕಳಿಸಿದ ಫೋಟೋದಲ್ಲಿ ಅದು ಭುಜದಲ್ಲಿ ಸಡಿಲ ಕಾಣ್ತದೆ, ದಸರಾಕ್ಕೆ ಹೊಲಿದುಕೊಟ್ಟಾಗ ಸರಿ ಇತ್ತು. ಟೇಪು ಆಮೇಲೆ ಹಿಡಿಯುತ್ತೇನೆ. ಮೊದಲು ನೀನು ಹೇಳು, ನಾನು ಕೇಳುತ್ತೇನೆ.

ನಿನ್ನ
ಅಮ್ಮ