ಕರುಳಿನ ಕ್ಯಾನ್ಸರ್ ಬಗ್ಗೆಯೂ ಆಶಾ ಫಾರಂನಲ್ಲಿ ಕೇಳಿ

ಮಾನ್ಯ ಸಂಪಾದಕರೇ,

2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಕೇಳಿ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದ್ದು ನೆನಪಿದೆ ಅಲ್ವಾ? ಅಪಾಯ ಇದ್ದವರು, ಇಲ್ಲದವರು, ಸುಮ್ನೆ ಹೆದರಿದವರು ಎಲ್ಲರೂ ಹೋದರು. ದೊಡ್ಡ ಕರುಳಿನ ಕ್ಯಾನ್ಸರ್ ವಿಷಯದಲ್ಲಿ ಇದು ಉಲ್ಟಾ. ಹೋಗಬೇಕಾದವರೇ ಹೋಗುವುದಿಲ್ಲ.

ಮಲದಲ್ಲಿ ರಕ್ತ ಕಂಡರೆ ನಮ್ಮ ಕಡೆ ಒಂದೇ ಮಾತು: ಮೂಲವ್ಯಾಧಿ, ಉಷ್ಣ ಆಗಿದೆ, ಮಜ್ಜಿಗೆ ಕುಡಿ. ಬಹಳ ಜನರಿಗೆ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ನೋಡದೆ ಹೇಳುವುದು ಹೇಗೆ? ರಕ್ತ ಕಂಡವರು ಮೊದಲು ಡಾಕ್ಟರಿಗೆ ತೋರಿಸಬೇಕು.

ಏನೂ ತೊಂದರೆ ಕಾಣದವರ ಮಾತೇ ಬೇರೆ. ಅಮೆರಿಕದಲ್ಲಿ 2021ರಿಂದ 45ರಿಂದ 75 ವರ್ಷದ ಎಲ್ಲರಿಗೂ ತಪಾಸಣೆ ಮಾಡಿ ಎನ್ನುತ್ತಾರೆ. ನಮ್ಮಲ್ಲಿ ಈ ಕಾಯಿಲೆ ಅಲ್ಲಿಗಿಂತ ಕಡಿಮೆ, ಎಲ್ಲರಿಗೂ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡುವಷ್ಟು ಡಾಕ್ಟರೂ ಇಲ್ಲ, ದುಡ್ಡೂ ಇಲ್ಲ. ಹಾಗಾಗಿ ಯಾರಿಗೆ ಮೊದಲು ಅನ್ನುವುದೇ ಪ್ರಶ್ನೆ. ಅದಕ್ಕೆ ಏಷ್ಯಾ-ಪೆಸಿಫಿಕ್ ದೇಶಗಳ ವೈದ್ಯರು 2011ರಲ್ಲೇ ಒಂದು ಸುಲಭದ ಲೆಕ್ಕ ಕೊಟ್ಟಿದ್ದಾರೆ. ವಯಸ್ಸು 50 ಆಗಿದ್ದರೆ 2 ಅಂಕ, 70 ಆಗಿದ್ದರೆ 3. ಗಂಡಸಾದರೆ 1. ಬೀಡಿ, ಸಿಗರೇಟು ಈಗ ಸೇದಿದರೂ ಹಿಂದೆ ಸೇದಿದ್ದರೂ 1. ಹೆತ್ತವರಿಗೋ ಒಡಹುಟ್ಟಿದವರಿಗೋ ಮಕ್ಕಳಿಗೋ ಈ ಕ್ಯಾನ್ಸರ್ ಬಂದಿದ್ದರೆ 2. ಒಟ್ಟು 4 ಬಂದರೆ ಅಪಾಯ ಜಾಸ್ತಿ ಅಂತ. 55 ವರ್ಷದ ಬೀಡಿ ಸೇದುವ ಗಂಡಸು ಬೇರೇನೂ ಇಲ್ಲದೆಯೇ ಅಲ್ಲಿಗೆ ಬಂದುಬಿಟ್ಟ!

ಕಷ್ಟ ಇರುವುದು ಕೊನೆಯ ಪ್ರಶ್ನೆಯಲ್ಲಿ. ನಮ್ಮ ಮನೆಗಳಲ್ಲಿ ಕ್ಯಾನ್ಸರ್ ಎಂದು ಯಾರು ಬಾಯಿಬಿಟ್ಟು ಹೇಳುತ್ತಾರೆ? 'ಹೊಟ್ಟೆನೋವು ಬಂದು ಹೋದರು' ಅಂತಾರೆ, ಮಗಳ ಮದುವೆ ಇದೆ ಅಂತ ಮುಚ್ಚಿಡುತ್ತಾರೆ, ಆಸ್ಪತ್ರೆ ಫೈಲನ್ನು ತಿಥಿ ಮುಗಿದ ಮೇಲೆ ಒಲೆಗೆ ಹಾಕುತ್ತಾರೆ. ಅಪ್ಪನಿಗೆ 46ಕ್ಕೆ ಬಂದಿದ್ದರೆ ಮಕ್ಕಳ ತಪಾಸಣೆ ಹತ್ತು ವರ್ಷ ಮುಂಚೆ, ಅಂದರೆ 36ಕ್ಕೇ ಶುರುವಾಗಬೇಕು. ಆ ಫೈಲ್ ಇಲ್ಲದೆ ಇದು ಯಾರಿಗೆ ಗೊತ್ತಾಗಬೇಕು? ಈ ಕ್ಯಾನ್ಸರ್ ಬಹುತೇಕ ಪಾಲಿಪ್ ಎಂಬ ಸಣ್ಣ ಗಂಟಿನಿಂದ ನಿಧಾನಕ್ಕೆ ಬೆಳೆಯುತ್ತದೆ, ಅದಕ್ಕೆ ವರ್ಷಗಳೇ ಬೇಕು. ಅಷ್ಟರಲ್ಲಿ ಕಂಡರೆ ಕೊಲೊನೋಸ್ಕೋಪಿ ಮಾಡುವಾಗಲೇ ಕತ್ತರಿಸಿ ತೆಗೆಯಬಹುದು.

30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ತರುವ ಫಾರಂನಲ್ಲಿ ತಂಬಾಕು, ಕುಡಿತ, ಸೊಂಟದ ಅಳತೆ, ಮನೆಯವರಿಗೆ ಬಿಪಿ, ಶುಗರ್, ಹೃದ್ರೋಗ ಇದೆಯಾ ಎಂದೆಲ್ಲ ಇದೆ. ಕೇಂದ್ರದ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಇದೆ. ಕರುಳಿನದ್ದು ಇಲ್ಲ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿತ್ತಾ, ಎಷ್ಟನೇ ವಯಸ್ಸಿಗೆ ಎಂಬ ಒಂದು ಸಾಲು ಸೇರಿಸಲಿ. 2-3 ಅಂಕ ಬಂದವರಿಗೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಪರೀಕ್ಷೆ ಬೇಲೂರು, ಸಕಲೇಶಪುರದ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ. 4 ಮತ್ತು ಮೇಲಿನವರನ್ನು, ಪರೀಕ್ಷೆಯಲ್ಲಿ ರಕ್ತ ಸಿಕ್ಕವರನ್ನು ಕೊಲೊನೋಸ್ಕೋಪಿಗೆ ಹಾಸನಕ್ಕೆ ಕಳಿಸಲಿ. ಆಶಾಗಳಿಗೆ ಈಗಲೇ ಕೆಲಸ ಜಾಸ್ತಿ, ಹೊಸ ಸಾಲು ಸೇರಿಸುವವರು ಅದರ ದುಡ್ಡನ್ನೂ ಸೇರಿಸಬೇಕು.

— ಒಬ್ಬ ಓದುಗ, ಬೇಲೂರು