ಹಳೆಯ ಬರಹಗಳನ್ನು ಉಳಿಸಿಕೊಳ್ಳುವ ಬಗ್ಗೆ: ಏಪ್ರಿಲ್ 1ರಿಂದ ಆಗುವ ಬದಲಾವಣೆ

ಪ್ರಿಯ ಸದಸ್ಯರೇ, ಬ್ಲಾಗ್ ಬರಹಗಾರರೇ,

ನಮಸ್ಕಾರ.

ನಿಮ್ಮ ಬ್ಲಾಗ್‌ಗಳಿಗಾಗಿ ನಮ್ಮ ಸಹಕಾರಿ ಯಾವ ಕಂಪನಿಯಿಂದ ಜಾಗ ಬಾಡಿಗೆಗೆ ಪಡೆದಿತ್ತೋ, ಆ ಕಂಪನಿಯಿಂದ ಕಳೆದ ತಿಂಗಳು ಒಂದು ಇಮೇಲ್ ಬಂತು. ನಮ್ಮದು ಹಳೆಯ ಯೋಜನೆಯ ಖಾತೆ. ಅಂಥ ಖಾತೆಗಳಲ್ಲಿರುವ 2015ಕ್ಕಿಂತ ಹಿಂದಿನ ಬರಹ, ಫೋಟೊಗಳನ್ನೆಲ್ಲ ಜೂನ್ 30ರ ನಂತರ ಅಳಿಸಿಹಾಕುತ್ತಾರಂತೆ. ಉಳಿಸಿಕೊಡಿ ಎಂದು ಕೇಳಿದೆವು, ಬೇಕಿದ್ದರೆ ಹೆಚ್ಚು ಹಣ ಕೊಡುತ್ತೇವೆ ಎಂದೂ ಬರೆದೆವು. ಆ ಯೋಜನೆಯನ್ನೇ ನಿಲ್ಲಿಸಿದ್ದೇವೆ, ಏನೂ ಮಾಡಲಾಗದು ಎಂಬ ಉತ್ತರ ಬಂತು.

ಹಾಗಾಗಿ ಏಪ್ರಿಲ್ 1ರಿಂದ ಎಲ್ಲ ಬ್ಲಾಗ್‌ಗಳನ್ನೂ ಅಲ್ಲಿಂದ ತೆಗೆದು, ನಾವೇ ನೋಡಿಕೊಳ್ಳುವ ಸರ್ವರ್‌ಗೆ ತರುತ್ತಿದ್ದೇವೆ. ಮೇ ಕೊನೆಯೊಳಗೆ ಈ ಕೆಲಸ ಮುಗಿಸುತ್ತೇವೆ. ನಿಮ್ಮ ಬ್ಲಾಗಿನ ವಿಳಾಸ ಬದಲಾಗುವುದಿಲ್ಲ. ವಾರ್ಷಿಕ ಶುಲ್ಕ 900 ರೂಪಾಯಿಯಿಂದ 1,200 ರೂಪಾಯಿಗೆ ಏರುತ್ತದೆ. ಇವೆರಡಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ: ಇನ್ನು ಮುಂದೆ ಪ್ರತಿ ವರ್ಷ ನಿಮ್ಮ ಬ್ಲಾಗಿನ ಪೂರ್ತಿ ಪ್ರತಿಯೊಂದು ನಿಮ್ಮ ಕೈ ಸೇರುತ್ತದೆ. ಅದಕ್ಕಾಗಿ ನೀವು ಕೇಳಬೇಕಾಗಿಲ್ಲ, ಅರ್ಜಿ ಹಾಕಬೇಕಾಗಿಲ್ಲ.

ಈ ಕಂಪನಿ ಬಿಟ್ಟು ಇನ್ನೊಂದು ಕಂಪನಿಗೆ ಹೋದರೆ ಸಾಲದೇ ಎಂದು ಆಡಳಿತ ಮಂಡಳಿಯಲ್ಲೂ ಕೆಲವರು ಕೇಳಿದರು. ಸಾಲದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಯಾಹೂ ಕಂಪನಿ ಜಿಯೋಸಿಟೀಸ್ ಎಂಬ ಬಿಟ್ಟಿ ವೆಬ್ ಪುಟಗಳ ತಾಣವನ್ನು 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆರ್ಕುಟ್‌ನ ಕನ್ನಡ ಸಮುದಾಯಗಳಲ್ಲಿ ರಾತ್ರಿಯೆಲ್ಲ ಚರ್ಚೆ ಮಾಡಿದವರು ನಿಮ್ಮಲ್ಲಿ ಎಷ್ಟೋ ಮಂದಿ ಇರಬಹುದು; ಅದು 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಯಾಹೂ ಗ್ರೂಪ್ಸ್‌ನಲ್ಲಿದ್ದ ಹಳೆಯ ಸಂದೇಶ, ಫೈಲುಗಳು ಅದೇ ವರ್ಷದ ಡಿಸೆಂಬರ್‌ನಲ್ಲಿ ಹೋದವು. 2003ರಲ್ಲಿ ಶುರುವಾಗಿದ್ದ ಟೈಪ್‌ಪ್ಯಾಡ್, ಹಣ ಕೊಟ್ಟು ಬಳಸುವ ಬ್ಲಾಗ್ ಸೇವೆ. ಅದು 2025ರ ಆಗಸ್ಟ್ ಕೊನೆಯಲ್ಲಿ ನೋಟಿಸ್ ಕೊಟ್ಟು ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಇಪ್ಪತ್ತು ವರ್ಷ ಬರೆದವರಿಗೂ ಸಿಕ್ಕಿದ್ದು ಒಂದು ತಿಂಗಳ ಚಿಲ್ಲರೆ ಸಮಯ. ಜಪಾನಿನ ಗೂ ಬ್ಲಾಗ್ ಸೇವೆ ಅದೇ ವರ್ಷದ ನವೆಂಬರ್‌ನಲ್ಲಿ ನಿಂತಿತು. ಬಿಟ್ಟಿ ಸೇವೆ ಮಾತ್ರ ಮುಳುಗುತ್ತದೆ, ಹಣ ಕೊಟ್ಟರೆ ಭದ್ರ ಎಂಬ ನಂಬಿಕೆಗೆ ಆಧಾರವಿಲ್ಲ. ಕಂಪನಿ ದೊಡ್ಡದು, ಸಣ್ಣದು ಎನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಸಹಕಾರಿಯೂ ಈ ಮಾತಿಗೆ ಹೊರತಲ್ಲ. ಆದ್ದರಿಂದಲೇ ನಿಮ್ಮ ಬರಹದ ಮೊದಲ ಪ್ರತಿ ನಿಮ್ಮ ಮನೆಯಲ್ಲಿರಬೇಕು, ನಮ್ಮ ಸರ್ವರ್‌ನಲ್ಲಿರುವುದು ಎರಡನೆಯ ಪ್ರತಿಯಾಗಬೇಕು ಎಂದು ಸರ್ವಸದಸ್ಯರ ಸಭೆ ತೀರ್ಮಾನಿಸಿದೆ. ಬ್ಲಾಗಿನ ನಿಜವಾದ ಜಾಗ ಇಂಟರ್‌ನೆಟ್, ಮನೆಯಲ್ಲಿರುವುದು ಬರೀ ಬ್ಯಾಕಪ್ ಎಂದು ನಾವೆಲ್ಲ ಇಷ್ಟು ವರ್ಷ ಅಂದುಕೊಂಡಿದ್ದೆವು. ಅದು ತಿರುವುಮುರುವಾಗಬೇಕು.

ಹಳೆಯ ಬರಹ ಹೋದರೆ ಏನು ಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಮಲೆನಾಡಿನ ನಮ್ಮ ಸದಸ್ಯೆಯೊಬ್ಬರು ತಮ್ಮ ಬ್ಲಾಗಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಬಗ್ಗೆ ಬರೆದಿದ್ದರು. ಬರಹ ಚಿಕ್ಕದು. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು, ಸೊನೆ ಆರುವ ಮೊದಲೇ ಉಪ್ಪಿಗೆ ಹಾಕಬೇಕು ಎಂದು ಅವರ ಅತ್ತೆ ಹೇಳುತ್ತಿದ್ದ ಕ್ರಮ ಅದರಲ್ಲಿದೆ. ಅದರ ಕೆಳಗಿನ ಕಾಮೆಂಟ್‌ಗಳು ಬರಹಕ್ಕಿಂತ ಉದ್ದವಾಗಿವೆ. ಅನಂತಭಟ್ಟನ ಅಪ್ಪೆ ಎಂಬ ತಳಿಯ ಪರಿಮಳ ಎಂಥದ್ದು, ಜೀರಿಗೆ ವಾಸನೆಯ ಮಿಡಿ ಬಿಡುವ ಮರ ತಮ್ಮ ಊರಿನ ಯಾವ ಹೊಳೆದಂಡೆಯಲ್ಲಿತ್ತು, ಅದನ್ನು ಯಾವಾಗ ಕಡಿದರು ಎಂದೆಲ್ಲ ಊರೂರಿನವರು ಬರೆದಿದ್ದಾರೆ. ಹೊರದೇಶದಲ್ಲಿರುವ ಒಬ್ಬರು ತಮ್ಮ ಅಜ್ಜನ ತೋಟದ ಮರದ ಹೆಸರು ಕೇಳಿದ್ದಾರೆ, ಪರಿಚಯವೇ ಇಲ್ಲದ ಇನ್ನೊಬ್ಬರು ಆ ಮರವನ್ನು ಗುರುತಿಸಿ ಉತ್ತರ ಕೊಟ್ಟಿದ್ದಾರೆ. ಈ ಮಾಹಿತಿ ಬೇರೆಲ್ಲೂ ಅಚ್ಚಾಗಿಲ್ಲ. ಕಂಪನಿಯ ಲೆಕ್ಕದಲ್ಲಿ ಇದು ಓದುಗರು ಕಡಿಮೆ ಇರುವ ಹಳೆಯ ಪುಟ. ನಮಗೆ ಹಾಗೆ ನೋಡಲು ಸಾಧ್ಯವಿಲ್ಲ. ಕಾಮೆಂಟ್‌ಗಳನ್ನೂ, ಅವುಗಳ ತಾರೀಕು ಮತ್ತು ಬರೆದವರ ಹೆಸರಿನ ಸಮೇತ, ಒಂದೂ ಬಿಡದೆ ತರುತ್ತಿದ್ದೇವೆ.

ಕೆಲಸ ನಿಧಾನವಾಗುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ಫೋಟೊ. ಬ್ಲಾಗರ್‌ನಿಂದಾಗಲಿ ವರ್ಡ್‌ಪ್ರೆಸ್‌ನಿಂದಾಗಲಿ ನಾವು ಇಳಿಸಿಕೊಳ್ಳುವ ಎಕ್ಸ್‌ಎಂಎಲ್ ಫೈಲಿನಲ್ಲಿ ಅಕ್ಷರಗಳಿರುತ್ತವೆ, ಫೋಟೊ ಇರುವಲ್ಲಿ ಅದರ ವಿಳಾಸ ಮಾತ್ರ ಇರುತ್ತದೆ. ಫೈಲ್ ಇಳಿಸಿಕೊಂಡೆ, ಇನ್ನು ನಿಶ್ಚಿಂತೆ ಎಂದು ಕುಳಿತವರು ಹಳೆಯ ತಾಣ ಮುಚ್ಚಿದ ಮೇಲೆ ನೋಡಿದರೆ ಪುಟದ ತುಂಬ ಖಾಲಿ ಚೌಕಗಳು. ಹಳೆಯ ತಾಣ ಜೀವಂತ ಇರುವಾಗಲೇ ಒಂದೊಂದು ಫೋಟೊವನ್ನೂ ಎಳೆದು ತರಬೇಕು. ಜೂನ್ 30ಕ್ಕೆ ಕಾಯದೆ ಮೇ ಕೊನೆಯ ಗಡುವು ಹಾಕಿಕೊಂಡಿರುವುದು ಇದಕ್ಕೇ.

ಎರಡನೆಯದು ಕನ್ನಡದಂಥ ಲಿಪಿಗಳಿಗೆ ಬರುವ ತೊಂದರೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರ್‌ಗಳು ಬಳಸುವ ಸಮಾನ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ನಾವು ಟೈಪ್ ಮಾಡುವಾಗ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳಿರುತ್ತವೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲವು ಸಾಫ್ಟ್‌ವೇರ್‌ಗಳು ಇವನ್ನು ಕಸವೆಂದು ತಿಳಿದು ತೆಗೆದುಹಾಕುತ್ತವೆ. ಆಗ ರ‍್ಯಾಲಿ ಹೋಗಿ ರ್ಯಾಲಿ ಆಗುತ್ತದೆ, ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತದೆ. ಕಂಪ್ಯೂಟರ್ ಇದನ್ನು ತಪ್ಪೆಂದು ತೋರಿಸುವುದೇ ಇಲ್ಲ. ಕನ್ನಡ ಓದಬಲ್ಲ ಕಣ್ಣೇ ಹಿಡಿಯಬೇಕು. ಹಾಗಾಗಿ ಪ್ರತಿ ಬ್ಲಾಗಿನ ಕೆಲವು ಪುಟಗಳನ್ನು ಹಳೆಯದು, ಹೊಸದು ಅಕ್ಕಪಕ್ಕ ಇಟ್ಟು ನಮ್ಮವರು ಓದಿ ನೋಡುತ್ತಿದ್ದಾರೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಬರೆದವರು ಕೆಲವರಿದ್ದಾರೆ. ಅವರ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಮೂಲ ಫೈಲನ್ನೂ ಹಾಗೇ ಇಟ್ಟುಕೊಳ್ಳುತ್ತೇವೆ.

ಪುಟಗಳ ವಿಳಾಸದ ಬಗ್ಗೆಯೂ ಹೇಳಬೇಕು. ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್ ಅದನ್ನು ವಿಳಾಸಕ್ಕೆ ತೆಗೆದುಕೊಳ್ಳುವುದಿಲ್ಲ, ಬರೀ ಬ್ಲಾಗ್-ಪೋಸ್ಟ್ ಎಂದು ಬರೆದು ಮುಂದೊಂದು ಸಂಖ್ಯೆ ಹಾಕುತ್ತದೆ. ವರ್ಡ್‌ಪ್ರೆಸ್ ಕನ್ನಡವನ್ನು ತೆಗೆದುಕೊಳ್ಳುತ್ತದೆ. ಆದರೆ ವಿಳಾಸದೊಳಗೆ ಕನ್ನಡದ ಒಂದೊಂದು ಅಕ್ಷರವೂ ಒಂಬತ್ತು ಚಿಹ್ನೆಗಳ ಜಾಗ ಹಿಡಿಯುತ್ತದೆ, ಕಾಗುಣಿತ ಮತ್ತು ಒತ್ತುಗಳ ಲೆಕ್ಕ ಬೇರೆ. ಅಲ್ಲಿರುವ ಮಿತಿ 200 ಚಿಹ್ನೆ. ಹಾಗಾಗಿ ಉದ್ದ ಶೀರ್ಷಿಕೆಗಳು ವಿಳಾಸದಲ್ಲಿ ನಡುವೆಯೇ ತುಂಡಾಗಿವೆ. ನೋಡಲು ಚೆನ್ನಾಗಿಲ್ಲ, ನಿಜ. ಆದರೂ ಈ ವಿಳಾಸಗಳನ್ನು ನಾವು ತಿದ್ದುವುದಿಲ್ಲ. ನಿಮ್ಮ ಬರಹಕ್ಕೆ ಬೇರೆಯವರು ಕೊಟ್ಟಿರುವ ಲಿಂಕ್‌ಗಳು ಆ ವಿಳಾಸಗಳನ್ನೇ ನಂಬಿಕೊಂಡಿವೆ.

ಪ್ರತಿ ವರ್ಷ ನಿಮಗೆ ಬರುವ ಪ್ರತಿಯಲ್ಲಿ ಮೂರು ರೂಪ ಇರುತ್ತವೆ. ಬ್ರೌಸರ್‌ನಲ್ಲಿ ತೆರೆದು, ಇಂಟರ್‌ನೆಟ್ ಇಲ್ಲದೆಯೂ ಓದಬಹುದಾದ ಎಚ್‌ಟಿಎಂಎಲ್ ಪುಟಗಳು. ಅಚ್ಚು ಹಾಕಿಸಲು ಅನುಕೂಲವಾಗುವ ಪಿಡಿಎಫ್. ನಾಳೆ ನಮ್ಮನ್ನು ಬಿಟ್ಟು ಬೇರೆ ಕಡೆ ಹೋಗಬೇಕೆನಿಸಿದರೆ ಬೇಕಾಗುವ ಎಕ್ಸ್‌ಎಂಎಲ್ ಫೈಲ್. ಇದನ್ನು ಇಮೇಲ್‌ನಲ್ಲಿ ಬರುವ ಲಿಂಕ್‌ನಿಂದ ಇಳಿಸಿಕೊಳ್ಳಬಹುದು. ಕಷ್ಟ ಎನ್ನುವ ಹಿರಿಯರಿಗೆ ಪೆನ್ ಡ್ರೈವ್‌ನಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತೇವೆ. ಬಂದದ್ದನ್ನು ದಯವಿಟ್ಟು ಎರಡು ಕಡೆ ಇಟ್ಟುಕೊಳ್ಳಿ. ಪೆನ್ ಡ್ರೈವ್ ಒಂದನ್ನೇ ನಂಬಿ ಕಪಾಟಿನಲ್ಲಿ ವರ್ಷಗಟ್ಟಲೆ ಬಿಡಬೇಡಿ, ಅವೂ ಕೆಡುತ್ತವೆ.

ಹೆಚ್ಚಿಸಿರುವ 300 ರೂಪಾಯಿ ಸರ್ವರ್ ಬಾಡಿಗೆಗೆ, ಬೇರೆ ಊರಿನಲ್ಲಿ ಇಡುವ ಮತ್ತೊಂದು ಪ್ರತಿಗೆ ಮತ್ತು ಈ ವಾರ್ಷಿಕ ಪ್ರತಿಯ ಕೆಲಸಕ್ಕೆ ಹೋಗುತ್ತದೆ. ಕೊಡಲು ಕಷ್ಟವಾಗುವವರು ನಮಗೆ ತಿಳಿಸಿ, ಹಳೆಯ ಶುಲ್ಕವೇ ಮುಂದುವರಿಯುತ್ತದೆ. ಕಾರಣ ಕೇಳುವುದಿಲ್ಲ. ಶುಲ್ಕ ಬಾಕಿ ಉಳಿದರೆ ಹೊಸ ಬರಹ ಹಾಕಲು ಆಗುವುದಿಲ್ಲ, ಅಷ್ಟೇ. ಹಳೆಯದನ್ನು ನಾವಾಗಿಯೇ ಅಳಿಸುವುದಿಲ್ಲ. ಮುಂದೆಂದಾದರೂ ಸಹಕಾರಿಯನ್ನೇ ಮುಚ್ಚಬೇಕಾಗಿ ಬಂದರೆ ಒಂದು ವರ್ಷ ಮೊದಲೇ ತಿಳಿಸುವುದಾಗಿ ಸಭೆಯ ನಡಾವಳಿಯಲ್ಲಿ ಬರೆದುಕೊಂಡಿದ್ದೇವೆ.

ಎಲ್ಲವೂ ಉಳಿಯಲೇಬೇಕು ಎಂಬ ಹಟ ನಮಗಿಲ್ಲ. ಹಿಂದೆ ಬರೆದದ್ದು ಈಗ ಬೇಡ ಎನಿಸಬಹುದು, ಮನೆಯವರ ಫೋಟೊ ತೆಗೆಯಬೇಕೆನಿಸಬಹುದು. ಯಾವ ಬರಹ ತೆಗೆಯಬೇಕೆಂದು ತಿಳಿಸಿ, ತೆಗೆಯುತ್ತೇವೆ. ಅದನ್ನು ನಿರ್ಧರಿಸುವವರು ಬರೆದವರಾಗಿರಬೇಕು, ಇದೇ ನಮ್ಮ ಆಗ್ರಹ. ಸ್ಥಳಾಂತರ ಮುಗಿದ ಮೇಲೆ ನಿಮ್ಮ ಪುಟಗಳನ್ನು, ಹಳೆಯ ವೆಬ್ ಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲೂ ಉಳಿಸಲು ಕೊಡುತ್ತೇವೆ. ಅದು ಬೇಡ ಎನ್ನುವವರು ಏಪ್ರಿಲ್ 15ರೊಳಗೆ ಹೇಳಬೇಕು.

ನಮ್ಮಲ್ಲಿ ಬ್ಲಾಗ್ ಇಟ್ಟಿದ್ದ ಕೆಲವು ಹಿರಿಯರು ಈಗ ನಮ್ಮೊಂದಿಗಿಲ್ಲ. ಅವರ ಬ್ಲಾಗ್‌ಗಳನ್ನು ಶುಲ್ಕವಿಲ್ಲದೆ ಹಾಗೆಯೇ ನಡೆಸಿಕೊಂಡು ಹೋಗುತ್ತೇವೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅವರ ಬರಹದ ಹಕ್ಕು ವಾರಸುದಾರರದು. ಆದ್ದರಿಂದ ಮೊದಲ ಪ್ರತಿ ಆ ಮನೆಯವರಿಗೇ ಸೇರಬೇಕು. ಕೆಲವರ ಫೋನ್ ನಂಬರ್ ಬದಲಾಗಿದೆ, ಪತ್ರಗಳು ವಾಪಸು ಬಂದಿವೆ. ನಿಮಗೆ ಪರಿಚಯವಿದ್ದ ಬ್ಲಾಗಿಗರ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಯಾರಾದರೂ ಸಂಪರ್ಕದಲ್ಲಿದ್ದರೆ ಈ ಪತ್ರವನ್ನು ಅವರಿಗೆ ತಲುಪಿಸಿ, ನಮಗೆ ಬರೆಯಲು ಹೇಳಿ.

ನೀವು ಮಾಡಬೇಕಾದ್ದು ಇಷ್ಟೇ: ಈ ಪತ್ರ ಬಂದ ಇಮೇಲ್‌ಗೆ ಉತ್ತರವಾಗಿ ನಿಮ್ಮ ಈಗಿನ ಫೋನ್ ನಂಬರ್, ಅಂಚೆ ವಿಳಾಸ ಕಳಿಸಿ. ನಿಮ್ಮ ಬ್ಲಾಗನ್ನು ಸಾಗಿಸುವ ಹಿಂದಿನ ದಿನ ಫೋನ್ ಮಾಡುತ್ತೇವೆ, ಸಾಗಿಸುವ ಆ ಒಂದು ದಿನ ಹೊಸದೇನೂ ಹಾಕಬೇಡಿ. ಸಾಗಿಸಿದ ಮೇಲೆ ಒಂದಷ್ಟು ಹಳೆಯ ಪುಟಗಳನ್ನು ನೀವೂ ತೆರೆದು ನೋಡಿ, ಫೋಟೊ ಕಾಣದಿದ್ದರೆ, ಅಕ್ಷರ ಒಡೆದಿದ್ದರೆ ಆ ಪುಟದ ವಿಳಾಸ ಕಳಿಸಿ. ಜೂನ್ 30ರ ಮೊದಲು ಗೊತ್ತಾದರೆ ಮೂಲದಿಂದ ಮತ್ತೆ ತರಬಹುದು.

ಇತಿ ನಿಮ್ಮ,
ಅಧ್ಯಕ್ಷರು ಮತ್ತು ತಾಂತ್ರಿಕ ವಿಭಾಗದ ಗೆಳೆಯರು

ಮರೆತ ಮಾತು: ನಮ್ಮಲ್ಲಿ ಅಲ್ಲದೆ ಬ್ಲಾಗ್‌ಸ್ಪಾಟ್‌ನಲ್ಲೂ (ಗೂಗಲ್‌ನ ಬ್ಲಾಗರ್ ಸೇವೆಯ ವಿಳಾಸ) ಹಳೆಯ ಬ್ಲಾಗ್ ಇರುವವರಿಗೆ. ಬ್ಲಾಗ್‌ಸ್ಪಾಟ್ ಡಾಟ್ ಇನ್ ಎಂಬ ವಿಳಾಸ 2020ರಲ್ಲಿ ಗೂಗಲ್‌ನ ಕೈತಪ್ಪಿ ಬೇರೆಯವರ ಪಾಲಾಯಿತು. ಆ ಹೆಸರಿನಲ್ಲಿ ಹಂಚಿದ್ದ ಲಿಂಕ್‌ಗಳು ಸತ್ತಿರುವುದನ್ನು ನೋಡಿ ಬ್ಲಾಗೇ ಅಳಿಸಿಹೋಯಿತು ಎಂದುಕೊಂಡವರಿದ್ದಾರೆ. ಕೊನೆಯ ಇನ್ ತೆಗೆದು ಕಾಮ್ ಎಂದು ಹಾಕಿ ನೋಡಿ. ಬ್ಲಾಗ್ ತೆರೆದುಕೊಂಡರೆ ನಮಗೆ ತಿಳಿಸಿ, ಅದರ ಪ್ರತಿಯನ್ನೂ ಇದೇ ಸಲ ಮಾಡಿಕೊಡುತ್ತೇವೆ.